ನಮ್ಮ ಬೀದಿಯ ಬಿಳಿ ಪಟ್ಟೆಗಳನ್ನು ಅಳಿಸಿದ ಮಹನೀಯರಿಗೆ

ಮಾನ್ಯ ರಸ್ತೆ ಅಧಿಕಾರಿಗಳೇ,

ತಾವು ಕ್ಷೇಮವೆಂದು ನಂಬಿ, ತಮಗೂ ತಮ್ಮ ಜೀಪಿಗೂ ಅದರ ಬ್ರೇಕುಗಳಿಗೂ ಸೇರಿಸಿ ನಮಸ್ಕಾರ ಹೇಳುತ್ತಾ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗಡಿಗಳಿಗೆ ಬೋರ್ಡ್ ಬರೆದು ಬದುಕುವ ನಾನು ಈ ಪತ್ರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ತಮ್ಮ ಇಲಾಖೆ ನಮ್ಮ ಬೀದಿಯನ್ನು ಅಗಲ ಮಾಡಿ ನುಣ್ಣನೆ ಡಾಂಬರು ಹಾಸಿದ್ದಕ್ಕೆ ನಾವೆಲ್ಲ ಋಣಿಗಳು. ಅಂದಿನಿಂದ ವಾಹನಗಳು ಎಂಥ ಹುರುಪಿನಿಂದ ಓಡುತ್ತವೆಂದರೆ, ಎದುರು ಸಾಲಿನ ಮನೆಗಳು ನಮಗೆ ಪರವೂರಾಗಿಬಿಟ್ಟವು. ನನ್ನ ಅಕ್ಕನಿಗೆ ಮಂಡಿನೋವು. ಆದರೂ ಮಧ್ಯಾಹ್ನ ರಸ್ತೆ ದಾಟಿ, ಎದುರಿನ ಹೊಲಿಗೆಯಮ್ಮನ ಅಂಗಡಿಯಲ್ಲಿ ಕೂತು ಗುಂಡಿ ಹೊಲಿದುಕೊಡುತ್ತಾ ಬೀದಿಯ ಸುದ್ದಿಯನ್ನೆಲ್ಲ ಜಾಲಾಡುವುದು, ಭಾವ ತೀರಿಕೊಂಡ ಮೇಲೆ ಅವಳಿಗಿದ್ದ ಒಂದೇ ಸಂತೋಷ. ಒಂದು ದಿನ ಸ್ಕೂಟರೊಂದು ಅವಳ ಊರುಗೋಲನ್ನು ಹಾರಿಸಿಕೊಂಡು ಹೋಯಿತು. ಅವಳಿಗೇನೂ ಆಗಲಿಲ್ಲ, ಆದರೆ ದಾಟುವುದನ್ನೇ ಬಿಟ್ಟಳು. ಕಿಟಕಿಯಲ್ಲಿ ಕೂತು ಹೊಲಿಗೆಯಮ್ಮನಿಗೆ ಕೈಬೀಸುತ್ತಿದ್ದಳು, ಅಷ್ಟೆ.

ದಾಟಲು ಬಿಳಿ ಪಟ್ಟೆ ಹಾಕಿಸಿಕೊಡಿ ಎಂದು ಕೇಳಲು ನಾನು ತಮ್ಮ ಕಚೇರಿಗೆ ಬಂದೆ. ನಮ್ಮ ಬೀದಿಯಲ್ಲಿ ಅಪಘಾತವೇನಾದರೂ ಆಗಿದೆಯೇ ಎಂದು ತಾವು ಆಸಕ್ತಿಯಿಂದ ವಿಚಾರಿಸಿದಿರಿ. ಇಲ್ಲವೆಂದಾಗ, ಹಾಗಾದರೆ ಆದ್ಯತೆ ಕೊಡಲಾಗದೆಂದು ವಿಷಾದಿಸಿದಿರಿ. ಮನೆಗೆ ಬಂದು ಅಕ್ಕನಿಗೆ ತಿಳಿಸಿದೆ. ಸರ್ಕಾರಕ್ಕೆ ಅಷ್ಟರ ಮಟ್ಟಿಗೆ ಸಹಕರಿಸಲು ಆಕೆ ಒಪ್ಪಲಿಲ್ಲ.

ಪ್ರಜೆಗಳಿಗೂ ಒಂದಿಷ್ಟು ಹೊಣೆಯಿದೆಯೆಂದು ತಾವು ಭಾಷಣಗಳಲ್ಲಿ ಹೇಳುವುದುಂಟು. ಅದನ್ನು ನಿಜವೆಂದು ನಂಬಿದ್ದು ನನ್ನ ಪೆದ್ದುತನ. ಒಂದು ಭಾನುವಾರ ಬೆಳಗ್ಗೆ ಸೈಕಲ್ ರಿಪೇರಿಯವರು ವಾಹನ ತಡೆದು ನಿಂತರು, ಹೊಲಿಗೆಯಮ್ಮ ತಮ್ಮ ಟೇಪಿನಲ್ಲಿ ಅಳತೆ ಹಿಡಿದರು, ನಾನು ಪಟ್ಟೆ ಎಳೆದೆ. ಬಣ್ಣ ಒಣಗಿದ ಮೇಲೆ ಅಕ್ಕ ರಸ್ತೆಗೆ ಕಾಲಿಟ್ಟಳು. ಬರುತ್ತಿದ್ದ ಲಾರಿ ನಿಂತಿತು. ಅವಳು ಅತ್ತ ಕಡೆ ಮುಟ್ಟಿ ತಿರುಗಿ ನಕ್ಕಾಗ ನಾನು ಕುಂಚ ತೊಳೆಯುವ ನೆಪ ಹೂಡಿ ಒಳಗೆ ಹೋದೆ.

ಆಮೇಲೆ ಕಂಡಿತು ತಮ್ಮ ದಕ್ಷತೆ. ಅರ್ಜಿಗೆ ಅಲುಗಾಡದ ಇಲಾಖೆ ಆ ವಾರವೇ ಕಪ್ಪು ಬಣ್ಣದ ಡಬ್ಬಗಳೊಂದಿಗೆ ಬಂದು, ಒಂದೊಂದೇ ಪಟ್ಟೆಯನ್ನು ಬಲು ಶ್ರದ್ಧೆಯಿಂದ ಅಳಿಸಿತು. ಮೇಲುಸ್ತುವಾರಿಗೆ ಸ್ವತಃ ತಾವೇ ದಯಮಾಡಿಸಿದ್ದಿರಿ. ನಾನು ವಾದಕ್ಕಿಳಿದಾಗ ತಾವು ಸಮಾಧಾನವಾಗಿಯೇ ಕೇಳಿದಿರಿ: "ಇವತ್ತು ನೀವು ಪಟ್ಟೆ ಬಳೀತೀರಿ. ನಾಳೆ ಇನ್ನೊಬ್ಬ ತನ್ನ ಅಂಗಡಿ ಮುಂದೆ ಯಾರೂ ಗಾಡಿ ನಿಲ್ಲಿಸಬಾರದು ಅಂತ ಬರೀತಾನೆ. ರಸ್ತೆ ಯಾರದ್ರೀ?"

ಮಾನ್ಯರೇ, ಆ ಮಾತು ಸರಿ. ರಸ್ತೆ ನನ್ನಪ್ಪನದಲ್ಲ ಎಂದೇ ಅಲ್ಲವೇ ನಾನು ಮೊದಲು ತಮ್ಮ ಬಳಿ ಬಂದದ್ದು? ತಾವು ಮಾಡುವುದಿಲ್ಲ, ನಾನು ಮಾಡುವಂತಿಲ್ಲ, ಮಾಡಿದರೆ ಅಳಿಸಲು ಮಾತ್ರ ಓಡಿ ಬರುತ್ತೀರಿ ಎಂದಾದರೆ, ನನ್ನ ಅಕ್ಕ ಎಲ್ಲಿ ಕಾಲಿಡಬೇಕು?

ನಾವು ಹೀಗೆ ಜಗ್ಗಾಡುತ್ತಿರುವಾಗಲೇ ಆಕೆ ಮೆಟ್ಟಿಲಿಳಿದು ಬಂದಳು. ಅತ್ತಲಿಂದ ಹೊಲಿಗೆಯಮ್ಮ ಓಡಿ ಬಂದು ಕೈ ಹಿಡಿದರು, ಸೈಕಲ್ ರಿಪೇರಿಯವರು ಇನ್ನೊಂದು ಪಕ್ಕಕ್ಕೆ ಬಂದರು. ಆ ವೇಳೆಗೆ ಜೀಪು ಹತ್ತಿ ಹೊರಟಿದ್ದ ತಮ್ಮ ಎದುರಿಗೇ ಅಕ್ಕ ಉಸಿರು ತೆಗೆದುಕೊಳ್ಳಲು ನಿಂತಳು. "ಸ್ವಲ್ಪ ಇರಿ ಸ್ವಾಮಿ, ಮಂಡಿ ನೋವು. ನಿಧಾನಕ್ಕೆ ನಡೆಯೋಕೂ ಪರ್ಮಿಷನ್ ಬೇಕಾ?" ಎಂದಳು. ತಾವು ಇಂಜಿನ್ ಆರಿಸುವಂತೆ ಡ್ರೈವರಿಗೆ ಸನ್ನೆ ಮಾಡಿದಿರಿ. ಅದೊಂದಕ್ಕೆ ನನ್ನ ವಂದನೆಗಳು, ಇದರಲ್ಲಿ ಕುಹಕವಿಲ್ಲ.

ಅಂದಿನಿಂದ ಅಕ್ಕ ದಾಟುವಾಗಲೆಲ್ಲ ಬೀದಿಯವರು ಯಾರಾದರೂ ಜೊತೆಗೆ ದಾಟುತ್ತಾರೆ, ಅತ್ತ ಕೆಲಸವಿಲ್ಲದವರೂ ಸಹ. ಇದನ್ನು ತಡೆಯುವ ಕಾನೂನು ಸದ್ಯಕ್ಕಿಲ್ಲ. ಆದ್ದರಿಂದ ನನ್ನ ವಿನಂತಿಯಿಷ್ಟೆ: ಅಳಿಸುವುದರಲ್ಲಿ ಪಳಗಿದ ಇಲಾಖೆ ಅಕ್ಕನ ಮಂಡಿನೋವನ್ನೂ ಅಳಿಸಬೇಕು, ತಪ್ಪಿದರೆ ವಾಹನಗಳು ಗಾಳಿಯಲ್ಲಿ ಹಾರಿ ಹೋಗುವಂತೆ ಆದೇಶ ಹೊರಡಿಸಬೇಕು. ಇವೆರಡೂ ಕಷ್ಟವೆನಿಸಿದಲ್ಲಿ, ಬಿಡುವಾದಾಗ ತಾವೇ ಆ ಪಟ್ಟೆಗಳನ್ನು ಬಳಿಸಬಹುದು.

ಇಂತು, ರಸ್ತೆಯ ಈಚೆ ದಡದಿಂದ,
ತಮ್ಮ ವಿಶ್ವಾಸಿ,
ಬೋರ್ಡ್ ಬರೆಯುವವ

ಮರೆತಿದ್ದೆ: ತಮ್ಮ ಕಚೇರಿಯ ಬಾಗಿಲ ಮೇಲಿನ 'ರಸ್ತೆ ಸುರಕ್ಷತಾ ವಿಭಾಗ' ಎಂಬ ಫಲಕದಲ್ಲಿ ನಡುವಿನ ಪದ ಪೂರ್ತಿ ಅಳಿಸಿಹೋಗಿದೆ. ಮೊನ್ನೆ ಆ ಕಡೆ ಬಂದಾಗ ಕಂಡೆ. ಬಣ್ಣವೂ ಕುಂಚವೂ ನನ್ನ ಚೀಲದಲ್ಲೇ ಇದ್ದವು, ಆದರೆ ಸರ್ಕಾರಿ ಆಸ್ತಿಯನ್ನು ಅಪ್ಪಣೆಯಿಲ್ಲದೆ ಮುಟ್ಟಬಾರದೆಂಬ ಬುದ್ಧಿ ಈಗ ಬಂದಿರುವುದರಿಂದ, ಇದ್ದದ್ದನ್ನು ಇದ್ದಂತೆಯೇ ಬಿಟ್ಟು ಬಂದೆ.