ಲ್ಯಾಪ್‌ಟಾಪ್ ಏಳೂತನಕ ಒಂದು ಕಪ್ ಚಾ

ನಂದು ಹಾನಗಲ್ ಬಸ್ ಸ್ಟ್ಯಾಂಡ್ ಮಗ್ಗಲಕ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹಳೇ ಲ್ಯಾಪ್‌ಟಾಪಿನ್ಯಾಗ ವಿಂಡೋಸ್ ತಗದು ಲಿನಕ್ಸ್ ಅನ್ನೋ ಪುಕಟ ಸಾಫ್ಟ್‌ವೇರ್ ಹಾಕಿ, ಇನ್ನಷ್ಟು ದಿನ ದುಡಿಯೋ ಹಂಗ ಮಾಡಿಕೊಡೋದು ನನ್ನ ಕಸುಬು. ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಾ ಕಡಿಂದ ಫೋನ್ ಬರ್ತಾವು. ತಕರಾರು ಮಾತ್ರ ಒಂದ: ಚಾಲೂ ಆಗಾಕ ಭಾಳ ತಡಾ ಮಾಡತೈತಿ. ಒಂದು ಮುಗಿಸಿ ಕುಂಡ್ರೂದ್ರಾಗ ಇನ್ನೊಂದು ಬಂದ ಬರ್ತೈತಿ.

ನಮ್ಮವ್ವನ ತಕರಾರೂ ಅದ ಇತ್ತು, ಆದ್ರ ನನ್ನ ಬಗ್ಗೆ. ನನ್ನ ವಾರಿಗಿಯವರಿಗೆಲ್ಲಾ ಲಗ್ನ ಆಗಿ ಮಕ್ಕಳು ಸಾಲಿಗೆ ಹೊಂಟಿದ್ವು. ನಮ್ಮ ಮನ್ಯಾಗ ಮಾತ್ರ ಏನೂ ಚಾಲೂ ಆಗಿದ್ದಿಲ್ಲ. ಹುಡುಗ ರಿಪೇರಿ ಮಾಡತಾನ ಅಂದ ಕೂಡ್ಲೆ ಹೆಣ್ಣಿನ ಕಡಿಯವರು ಮಳಿ ಬೆಳಿ ಮಾತು ತಗೀತಿದ್ರು. ಹಿಂಗಾಗಿ ನಾ ಲ್ಯಾಪ್‌ಟಾಪ್ ಬಗ್ಗೆ ಹೇಳಾಕ ಕುಂತ್ರ ನಡುವ ನನ್ನ ಲಗ್ನಾನೂ ಬರ್ತೈತಿ.

೧. ಕಪಾಟಿನ್ಯಾಗಿನ ಬ್ಯಾಟರಿ

ಶಿಗ್ಗಾಂವಿ ಕಡೆ ಒಂದು ಸಾಲಿ. ಅಲ್ಲಿನ ಕ್ಲರ್ಕ್ ಸಾಹೇಬರ ಲ್ಯಾಪ್‌ಟಾಪ್ ಮುಂಜಾನೆ ಗುಂಡಿ ಒತ್ತಿದ್ರ, ಪ್ರಾರ್ಥನಾ ಮುಗದು ಮೊದಲನೇ ಪಿರಿಯಡ್ ಸುರು ಆದ ಮ್ಯಾಲೆ ಏಳತಿತ್ತು. ಹೋಗಿ ನೋಡಿದೆ. ಅದು ದಿನಾ ತನ್ನ ಡಿಸ್ಕನ್ನೆಲ್ಲಾ ತಪಾಸಣಿ ಮಾಡಕೋತ ಕುಂತಿತ್ತು. ಹಿಂದಿನ ದಿನ ಸರಿಯಾಗಿ ಬಂದ್ ಮಾಡದ ಕರೆಂಟ್ ತಪ್ಪಿಸಿದ್ರ ಹಂಗಾಗತೈತಿ.

ಸಂಜೀಕ ಹೆಂಗ ಬಂದ್ ಮಾಡ್ತೀರಿ ಅಂತ ಕೇಳಿದೆ. ಅವರು ಮಾಡಿ ತೋರಿಸಿದ್ರು. ಚಾಲೂ ಇದ್ದ ಲ್ಯಾಪ್‌ಟಾಪಿನ ಬ್ಯಾಟರಿ ಹಿಡದು ಕಿತ್ತು ಒಂದು ಕಪಾಟಿನ್ಯಾಗ ಇಟ್ರು, ಲ್ಯಾಪ್‌ಟಾಪ್ ಇನ್ನೊಂದು ಕಪಾಟಿನ್ಯಾಗ ಇಟ್ರು. ಒಂದರ ಕೀಲಿ ಇವರ ಕಡೆ, ಇನ್ನೊಂದರದು ಹೆಡ್ ಮಾಸ್ತರ ಕಡೆ. ಒಬ್ಬರು ಇಲ್ಲದಾಗ ಇನ್ನೊಬ್ಬರು ಚಾಲೂ ಮಾಡಬಾರದು ಅಂತ ಇಬ್ಬರೂ ಕೂಡಿ ಮಾಡಿದ ಬಂದೋಬಸ್ತು ಅದು.

ನಾ ಪರದೆ ಮ್ಯಾಲಿನ ಶಟ್‌ಡೌನ್ ತೋರಿಸಿ, ದಿನಾ ತಪ್ಪದ ಇದನ್ನ ಒತ್ತರಿ ಅಂತ ಹೇಳಿ ಬಂದೆ. ವಾರ ಬಿಟ್ಟು ಅವರ ಫೋನ್ ಬಂತು.

"ನೀವು ಹೇಳಿದಂಗ ಮಾಡಾಕತ್ತೇನ್ರಿ. ಬ್ಯಾಟರಿ ಕಿತ್ತು ಕಪಾಟಿನ್ಯಾಗ ಇಟ್ಟು ಬಂದು ಶಟ್‌ಡೌನ್ ಹುಡುಕತೇನಿ. ಪರದೆ ಕರ್ರಗ ಆಗಿರ್ತೈತ್ರಿ, ಎಲ್ಲೈತಿ ಕಾಣವಲ್ದು."

೨. ಕೆಂಪು ಸಾಲು

ಬಂಕಾಪುರದ ಒಂದು ಮನಿಯವರು, ಹುಡುಗನ್ನ ನೋಡೂದಕ್ಕಿಂತ ಮೊದಲ ಅವನ ಅಂಗಡಿ ನೋಡತೇವಿ ಅಂದ್ರು. ಹುಡುಗಿಯ ಸೋದರಮಾವ ಬಂದು ಕುಂತ್ರು. ನಾ ಹುರುಪಿನ್ಯಾಗ, ನಮ್ಮ ಕೈಯಾಗ ಬಂದ ಲ್ಯಾಪ್‌ಟಾಪ್ ಎಷ್ಟು ಲಗೂನ ಏಳತಾವು ನೋಡ್ರಿ ಅಂತ ನನ್ನ ಸ್ವಂತದ್ದು ಚಾಲೂ ಮಾಡಿದೆ.

ಲಿನಕ್ಸ್ ಏಳೂಮುಂದ ಯಾವ ಯಾವ ಕೆಲಸ ಸುರು ಆತು ಅಂತ ಸಾಲು ಸಾಲಾಗಿ ತೋರಿಸತೈತಿ. ಹಸರು ಬಣ್ಣದಾಗ ಓಕೆ, ಓಕೆ, ಓಕೆ ಅಂತ ಇಳದು ಬಂದ್ವು. ಅವರು ಒಂದೊಂದಕ್ಕೂ ತಲಿ ಅಲ್ಲಾಡಿಸಿದ್ರು. ನಡುವ ಒಂದು ಕೆಂಪು ಸಾಲು ಬಂತು: ಫೇಲ್ಡ್. ಅವರ ತಲಿ ಅಲ್ಲೇ ನಿಂತತು.

ಅದು ಬ್ಲೂಟೂತ್ ಅಷ್ಟ, ನಾ ಅದನ್ನ ಬಳಸೂದ ಇಲ್ಲ ಅಂತ ಪರಿಪರಿಯಾಗಿ ಹೇಳಿದೆ. ತರಿಸಿದ ಚಾನೂ ಮುಟ್ಟಲಿಲ್ಲ ಅವರು. ಚಪ್ಪಲಿ ಹಾಕ್ಕೊಂಡು ಹೋಗೂಮುಂದ ಒಂದ ಮಾತು ಹೇಳಿದ್ರು.

"ನಿಮ್ಮ ಮಷೀನ ಫೇಲ್ ಅನ್ನಾಕತ್ತೈತಿ, ನಾವು ಹೆಂಗ ಪಾಸ್ ಮಾಡೂಣು?"

೩. ಎರಡು ತೂತು

ಸವಣೂರಿನ ಅರಿವಿ ಅಂಗಡಿ ಸಾವಕಾರ್ರದು ಬ್ಯಾರೆ ಕತಿ. ಅವರ ಲ್ಯಾಪ್‌ಟಾಪ್ ಗುಂಡಿ ಒತ್ತಿದ ಕೂಡ್ಲೆ ಕಾದ ಹಂಚಿನಂಗ ಆಗಿ, ಆಮ್ಯಾಲೆ ತೆವಳಕೋತ ಏಳತಿತ್ತು. ಹಿಂದಿನ ಮುಚ್ಚಳ ಬಿಚ್ಚಿದೆ. ಫ್ಯಾನಿನ ತುಂಬ ಬೂದಿ. ಗಾಳಿ ಹೊರಗ ಹೋಗೋ ತೂತಿನ್ಯಾಗ ಊದಿನಕಡ್ಡಿಯ ಮೋಟು ತುಂಡು.

ಅವರು ದಿನಾ ಅಂಗಡಿ ಬಾಗಿಲಾ ತಗದ ಕೂಡ್ಲೆ ಗಲ್ಲಾಪೆಟ್ಟಿಗಿಗೆ, ಗಜಕಡ್ಡಿಗೆ ಪೂಜಾ ಮಾಡೋರು. ಲ್ಯಾಪ್‌ಟಾಪ್ ಬಂದ ಮ್ಯಾಲೆ ಅದಕ್ಯಾಕ ಭೇದ ಅಂತ ವಿಭೂತಿ ಹಚ್ಚಿ ಊದಿನಕಡ್ಡಿ ಸಿಗಸತಿದ್ರು. ಖರೇ ಹೇಳಬೇಕಂದ್ರ ಆ ತೂತು ಕಡ್ಡಿಗೆ ಅಳತಿ ತಗೊಂಡು ಮಾಡಿದಂಗ ಇದ್ವು. ನಾ ಎಲ್ಲಾ ಒರೆಸಿ, ಇಲ್ಲಿ ಗಾಳಿ ಆಡಬೇಕ್ರಿ ಅಂತ ತಿಳಿಸಿ ಹೇಳಿದೆ. ಅವರು ಒಂದು ಮಾತೂ ಸಿಟ್ಟಾಗದ ಕೇಳಿದ್ರು.

ನನ್ನ ಮನಿ ಮಠ ವಿಚಾರಿಸಿ, ಹಿರೇಕೆರೂರಾಗ ನಮ್ಮ ಸಂಬಂಧಿಕರ ಹುಡುಗಿ ಐತಿ, ಕಾಲೇಜಿನ್ಯಾಗ ಕಂಪ್ಯೂಟರ್ ಕಲಸತಾಳ, ನಾ ಮಾತಾಡತೇನಿ ಅಂದ್ರು. ನಾ ಖುಷೀಲೆ ಎದ್ದು ಹೊಂಟೆ. ಬಾಗಿಲಾ ದಾಟೂದ್ರಾಗ ಮತ್ತ ಕರದ್ರು. ಹುಡುಗಿ ಫೋಟೋ ಕೊಡ್ತಾರಂತ ತಿಳದು ಓಡಿ ಬಂದೆ.

"ತಮ್ಮಾ, ಗಾಳಿಗೆ ಒಂದು ತೂತು, ಊದಿನಕಡ್ಡಿಗೆ ಒಂದು ತೂತು ಬ್ಯಾರೆ ಬ್ಯಾರೆ ಇರೋ ಲ್ಯಾಪ್‌ಟಾಪ್ ಬಂದ್ರ ಮೊದಲ ನನಗ ಹೇಳು."

೪. ಇಲ್ಲದ್ದಕ್ಕ ಕಾಯೋ ಲ್ಯಾಪ್‌ಟಾಪ್

ನಾನು, ಅವ್ವ ಹಿರೇಕೆರೂರಿಗೆ ಕನ್ಯಾ ನೋಡಾಕ ಹೋದ್ವಿ. ಹುಡುಗಿಯ ಅಪ್ಪ ಗೋವಿನಜೋಳದ ವ್ಯಾಪಾರಿ. ಉಪ್ಪಿಟ್ಟು, ಶಿರಾ ಆತು. ಹುಡುಗಿ ಬಂದು ನಮಸ್ಕಾರ ಮಾಡಿ ಒಳಗ ಹೋದಳು. ಅಪ್ಪ ನನ್ನ ವಿದ್ಯಾ, ಗಳಿಕಿ ಏನೂ ಕೇಳಲಿಲ್ಲ. ಒಂದು ಲ್ಯಾಪ್‌ಟಾಪ್ ತಂದು ಮುಂದ ಇಟ್ರು. ಮಗಳು ಲಿನಕ್ಸ್ ಹಾಕ್ಯಾಳ, ಏಳಾಕ ಹತ್ತು ನಿಮಿಷ ಬೇಕು, ಬಂದ ಹುಡುಗರಿಗೆಲ್ಲಾ ತೋರಿಸೇನಿ, ಎಲ್ಲಾರೂ ಹೊಸಾದು ತಗೋರಿ ಅಂದು ಹೋದ್ರು, ನೀವರೆ ನೋಡ್ರಿ ಅಂದ್ರು.

ಅವ್ವ ನನ್ನ ಕಡೆ ನೋಡಿದ್ಲು. ಈ ಸಂಬಂಧಾನೂ ಹೋದ್ರ ಅಕಿ ವರ್ಷಾನುಗಟ್ಟಲೆ ನನಗ ಊಟಕ್ಕ ನೀಡೂಮುಂದ ಇದನ್ನೂ ಕೂಡಿಸಿ ನೀಡತಿದ್ಲು.

ಏಳೂಮುಂದ ಯಾರು ಎಷ್ಟು ತಡಾ ಮಾಡಿದ್ರು ಅಂತ ಲಿನಕ್ಸ ಹೇಳತೈತಿ, ಕೇಳೂದು ಗೊತ್ತಿರಬೇಕು ಅಷ್ಟ. ಕೇಳಿದೆ. ಡಿಸ್ಕಿನ ಒಂದು ಭಾಗಕ್ಕ ಅದು ಕಾಯತಿತ್ತು. ಆ ಭಾಗ ಆ ಲ್ಯಾಪ್‌ಟಾಪಿನ್ಯಾಗ ಇದ್ದ ಇದ್ದಿಲ್ಲ. ಬರೇ ಅಷ್ಟ ಆಗಿದ್ರ ಲಿನಕ್ಸ್ ತನ್ನ ರೂಢಿಯಂಗ ಒಂದೂವರಿ ನಿಮಿಷ ಕಾದು, ಅದನ್ನ ಬಿಟ್ಟು ಮುಂದ ಹೋಗಬೇಕಿತ್ತು. ಹತ್ತು ನಿಮಿಷ ಕಾಯಿ ಅಂತ ಯಾರೋ ಕೈಯಾರೆ ಬರದಿದ್ರು. ಅದು ತಾನಾಗಿ ಆಗೂ ಮಾತಲ್ಲ, ತಿಳದವರ ಕೆಲಸ.

ಅಷ್ಟ್ರಾಗ ಹುಡುಗಿಯ ಅಪ್ಪಗ ಪ್ಯಾಟಿಯಿಂದ ಫೋನ್ ಬಂತು, ಮಾತಾಡಕೋತ ಹೊರಗಿನ ಕಟ್ಟಿ ಮ್ಯಾಲೆ ಹೋದ್ರು. ಅವ್ವ ಅಡಗಿ ಮನ್ಯಾಗ ಬೀಗಿತಿ ಆಗೋರ ಕೂಡ ಮಾತಿಗೆ ಕುಂತಿದ್ಲು. ಹುಡುಗಿ ಚಾ ತಂದು ಇಟ್ಟು, ಪರದೆ ನೋಡಿದಳು.

"ಸಿಕ್ಕಿತೇನ್ರಿ?"

"ಸಿಕ್ತು. ನೀವ ಹಾಕೀರೇನು?"

"ಹೂಂನ್ರಿ. ಅಪ್ಪ ದಿನಾ ಸಂಜೀಕ ಲಗ್ನದ ವೆಬ್‌ಸೈಟಿನ್ಯಾಗ ಹುಡುಗರ ಫೋಟೋ ನೋಡಾಕ ಇದನ್ನ ಹಚ್ಚತಾನ. ಕಾದು ಕಾದು ಬ್ಯಾಸರಾಗಿ ಎದ್ದು ಹೋಗತಾನ. ನೀವು ಸರಿ ಮಾಡಿದ್ರ ನಾಳೆ ಸಂಜಿಯಿಂದ ಮತ್ತ ಹುಡುಗರು ಸುರು." ಬಾಗಿಲತನಕ ಹೋಗಿ ತಿರುಗಿ ನಿಂತಳು. "ಸರಿ ಮಾಡಬೇಕು ಅನಿಸಿದ್ರ ಮಾಡ್ರಿ."

ಹುಡುಗಿ ಅಲ್ಲೇ ನನ್ನ ಮನಸಿನ್ಯಾಗ ಕುಂತುಬಿಟ್ಲು. ಸರಿ ಮಾಡಾಕ ಒಂದ ಒಂದು ಸಾಲು ಅಳಿಸಿದ್ರ ಮುಗೀತು. ಅಳಿಸಿದ್ರ ಅಪ್ಪ ಮೆಚ್ಚತಾರು, ಆದ್ರ ನಾಳೆಯಿಂದ ಊರ ಹುಡುಗರೆಲ್ಲಾ ಆ ಪರದೆ ಮ್ಯಾಲೆ ಬರ್ತಾರು. ಅಳಿಸದಿದ್ರ ನಾ ರಿಪೇರಿ ಬಾರದ ರಿಪೇರಿಯಾವ. ಅಪ್ಪ ಒಳಗ ಬಂದು ಏನಾತ್ರಿ ಅಂದ್ರು.

"ನನ್ನ ಕಡಿಂದ ಆಗೂದಿಲ್ರಿ" ಅಂದೆ.

ಅಡಗಿ ಮನಿ ಬಾಗಿಲದಾಗ ಅವ್ವ ಕಣ್ಣು ಮುಚ್ಚಿಕೊಂಡಳು. ಅಪ್ಪ ಲ್ಯಾಪ್‌ಟಾಪ್ ಮುಚ್ಚಿ, ಹೆಂಡ್ತಿನ್ನ ಕರದು ಹೇಳಿದ್ರು: "ಬಂದವರೆಲ್ಲಾ ಮಷೀನಿನ ಮ್ಯಾಲೆ ಹಾಕಿದ್ರು. ನನಗ ಬರೂದಿಲ್ಲ ಅಂತ ಹೇಳಿದಾವ ಇವನೊಬ್ಬನ. ಸುಳ್ಳು ಹೇಳದ ಹುಡುಗ. ನನಗ ಒಪ್ಪಿಗಿ ಐತಿ."

ಹುಡುಗಿ ಸೆರಗು ಬಾಯಿಗೆ ಹಿಡಕೊಂಡು ಒಳಗ ಓಡಿದ್ಲು. ಎಲ್ಲಾರೂ ಅದನ್ನ ನಾಚಿಗಿ ಅಂತ ತಿಳದ್ರು.

ನಿಶ್ಚಯ ಆದ ಮರುದಿನ ಮುಂಜಾನೆ ಮಾವನ ಫೋನ್ ಬಂತು. ಲ್ಯಾಪ್‌ಟಾಪ್ ಗುಂಡಿ ಒತ್ತೂದ್ರಾಗ ಎದ್ದು ಕುಂಡ್ರಾಕತ್ತೈತಂತ, ಯಾರೂ ಮುಟ್ಟಿಲ್ಲಂತ, ಮಗಳನ್ನ ಕೇಳಿದ್ರ ಅಕಿಗೂ ಏನೂ ತಿಳೀವಲ್ದಂತ.

"ರಿಪೇರಿ ಬರದಿದ್ರ ಬಿಡ್ರಿ, ಅಳಿಯಂದ್ರ" ಅಂದ್ರು, "ನಿಮ್ಮ ಕಾಲ್ಗುಣ ಛಲೋ ಐತಿ."