ಮೂಗಿನ ಹಳೆಯ ಆಮ್ಲಜನಕ ನಳಿಕೆ ಒಪ್ಪಿಸಿದ ನಂತರವೇ ಹೊಸದನ್ನು ನೀಡುವ ಬಗ್ಗೆ

ಗೃಹ ಆಮ್ಲಜನಕ ಉಪಕರಣ ಮತ್ತು ಬಿಡಿಭಾಗಗಳ ವಿಭಾಗ
ಸಂಖ್ಯೆ: ಗೃಆ/ಮೂಗು/ನಳಿಕೆ/47/ಉಸಿರು-2

ಸುತ್ತೋಲೆ

ಉಲ್ಲೇಖ: 1) ಇದೇ ವಿಭಾಗದ ಹಿಂದಿನ ಸುತ್ತೋಲೆ (ಪ್ರತಿ ಕಳೆದುಹೋಗಿದೆ, ಜಾರಿಯಲ್ಲಿದೆ).
2) ಇಂದು ಬೆಳಗ್ಗೆಯಿಂದ ಮೂರನೇ ಕೌಂಟರಿನಲ್ಲಿ ಕುಳಿತಿರುವ ಅಜ್ಜಿ.

ಗಾಳಿಯನ್ನು ಹಿಡಿದು ಫೈಲಿನೊಳಗೆ ಕೂರಿಸಿದ ಭೂಮಂಡಲದ ಏಕೈಕ ವಿಭಾಗ ನಮ್ಮದು. ನಮ್ಮ ಮೊಹರು ಬೀಳದೆ ಬಿರುಗಾಳಿಯೂ ಬೀಸಲು ಹಿಂಜರಿಯುತ್ತದೆ. ಇಂತಹ ಘನತೆಗೆ ಧಕ್ಕೆ ಬಂದಿರುವುದರಿಂದ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಹಳೆಯದನ್ನು ಒಪ್ಪಿಸದವರಿಗೆ ಹೊಸದನ್ನು ಕೊಡತಕ್ಕದ್ದಲ್ಲ. ಮೂಲತಃ ಕಚೇರಿಯ ಪೊರಕೆಗಳಿಗಾಗಿ ರಚಿಸಿದ ಈ ನಿಯಮವನ್ನು ಬಕೆಟ್ಟುಗಳಿಗೂ, ಅಲ್ಲಿಂದ ರೋಗಿಗಳ ಮೂಗಿಗೂ ವಿಸ್ತರಿಸಲಾಗಿದೆ. ಪೊರಕೆಗಳಿಂದ ಇದುವರೆಗೆ ಒಂದೂ ದೂರು ಬಂದಿಲ್ಲ.

2. ಹಳೆಯ ನಳಿಕೆ ಒಪ್ಪಿಸಿದ ಇಪ್ಪತ್ತೊಂದು ಕೆಲಸದ ದಿನಗಳ ನಂತರ ಹೊಸದನ್ನು ನೀಡಲಾಗುವುದು. ನಡುವಿನ ಅವಧಿಯಲ್ಲಿ ಫಲಾನುಭವಿಗಳು ಮಿತವಾಗಿ ಉಸಿರಾಡತಕ್ಕದ್ದು. ಆಕಳಿಕೆ, ನಿಟ್ಟುಸಿರು ಹಾಗೂ ನೆರೆಮನೆಯವರೊಂದಿಗಿನ ಜಗಳಕ್ಕೆ ಪೂರ್ವಾನುಮತಿ ಕಡ್ಡಾಯ.

3. ಉಲ್ಲೇಖ (2)ರ ಅಜ್ಜಿ ನಿವೃತ್ತ ಟೆಲಿಫೋನ್ ಆಪರೇಟರ್. ಅವರ ನಳಿಕೆ ಬಿರುಕು ಬಿಟ್ಟು ಅರ್ಧ ಗಾಳಿ ಹೊರಗೇ ಸೋರುತ್ತಿದೆ. ಸೊಸೆಯೊಂದಿಗೆ ಬಂದವರೇ ಆಮ್ಲಜನಕ ಯಂತ್ರವನ್ನು ಕೌಂಟರಿನ ಪ್ಲಗ್ಗಿಗೆ ಸಿಕ್ಕಿಸಿ, ನಳಿಕೆಯ ನಡುಭಾಗವನ್ನು ಮೇಜಿನ ಮೇಲಿಟ್ಟು, “ತಗೋ ಮಗಾ, ಒಪ್ಪಿಸಿದೀನಿ” ಎಂದಿರುತ್ತಾರೆ. ಉಗ್ರಾಣಪಾಲಕರು ನಳಿಕೆಯನ್ನು ಎಳೆದಾಗ ಅಜ್ಜಿಯೂ ಜೊತೆಗೆ ಬಂದಿರುತ್ತಾರೆ. ದಾಸ್ತಾನು ಪುಸ್ತಕದಲ್ಲಿ ಅಜ್ಜಿಯರಿಗೆ ಕಾಲಂ ಇರುವುದಿಲ್ಲ.

4. ಸ್ಥಳದಲ್ಲಿ ದಾಖಲಾದ ಹೇಳಿಕೆಗಳು:
ಉಗ್ರಾಣಪಾಲಕರು: “ರೂಲ್ಸು ಅಜ್ಜಿ, ನನ್ ಕೈಲೇನಿದೆ?”
ಅಜ್ಜಿ: “ಮೊದ್ಲು ಲೈನ್ ಕಟ್ ಮಾಡಿ ಮೂರು ವಾರ ಬಿಟ್ಟು ಕನೆಕ್ಷನ್ ಕೊಡ್ತೀಯಾ? ಅಲ್ಲೀತನಕ ಏನ್ ನಿನ್ ಮೂಗಲ್ಲಿ ಉಸಿರಾಡ್ಲಾ?”
ಸೊಸೆ: “ಅತ್ತೆ, ಮಾತು ಕಮ್ಮಿ ಮಾಡಿ, ಉಸಿರು ಉಳಿಸಿ.”
ಅಜ್ಜಿ: “ಉಳಿಸಿ ಯಾರಿಗ್ ಕೊಡ್ಲೇ?”

5. ಸೋರಿದ ಗಾಳಿ ವಿಭಾಗದ ಸ್ವತ್ತು. ಸಿಬ್ಬಂದಿ ಅದನ್ನು ಸೇವಿಸತಕ್ಕದ್ದಲ್ಲ. ಕೌಂಟರಿನ ಪಕ್ಕದ ಗುಮಾಸ್ತರು ಇಂದು ಬೆಳಗ್ಗೆ ಹಠಾತ್ತನೆ ಚುರುಕಾಗಿ, ಏಳು ವರ್ಷಗಳಿಂದ ಮಲಗಿದ್ದ ಫೈಲುಗಳನ್ನು ವಿಲೇವಾರಿ ಮಾಡಿರುವುದು ಕಂಡುಬಂದಿದ್ದು, ಅವರಿಂದ ವಿವರಣೆ ಕೇಳಲಾಗಿದೆ.

6. ಹನ್ನೊಂದೂವರೆಗೆ ಬಿರುಕು ಹೆಚ್ಚಿದ್ದು, ಅಜ್ಜಿಯ ಮಾತು ನಿಂತಿದೆ, ತುಟಿ ನೀಲಿಗೆ ತಿರುಗುತ್ತಿದೆ. ಸದರಿ ಬಣ್ಣಕ್ಕೆ ಮೇಲಧಿಕಾರಿಗಳ ಅನುಮೋದನೆ ಪಡೆದಿರುವುದಿಲ್ಲ. ಗಾಬರಿಗೊಂಡ ಉಗ್ರಾಣಪಾಲಕರು, ಯಾವುದೇ ಲಿಖಿತ ಆದೇಶವಿಲ್ಲದೆ, ಬಿರುಕಿನ ಮೇಲೆ ತಮ್ಮ ಹೆಬ್ಬೆರಳನ್ನು ಒತ್ತಿ ಹಿಡಿದಿರುತ್ತಾರೆ. ತುಟಿಯ ಬಣ್ಣ ಸುಧಾರಿಸಿದೆ. ಆದರೆ ಅವರೀಗ ಸಹಿ ಹಾಕುವಂತಿಲ್ಲ, ಊಟಕ್ಕೆ ಹೋಗುವಂತಿಲ್ಲ, ಬೆನ್ನ ಹಿಂದೆಯೇ ನಾನೂರ ಹನ್ನೆರಡು ಹೊಸ ನಳಿಕೆಗಳಿರುವ ಬೀರುವನ್ನು ತೆರೆಯುವಂತೆಯೂ ಇಲ್ಲ.

7. ಆದ ಪ್ರಯುಕ್ತ, ನಿಯಮಕ್ಕೆ ಕೂದಲೆಳೆಯಷ್ಟೂ ಭಂಗ ಬಾರದಂತೆ ಆದೇಶಿಸಿರುವುದೇನೆಂದರೆ: ಅಜ್ಜಿ ಒಂದು ಉಸಿರನ್ನು ಹಳೆಯ ನಳಿಕೆಯಲ್ಲಿ ಎಳೆದುಕೊಂಡು, ಮುಂದಿನ ಉಸಿರನ್ನು ಹೊಸದರಲ್ಲಿ ಎಳೆದುಕೊಳ್ಳತಕ್ಕದ್ದು. ಈ ಎರಡು ಉಸಿರುಗಳ ನಡುವಿನ ಅವಧಿಯನ್ನು ಇಪ್ಪತ್ತೊಂದು ಕೆಲಸದ ದಿನಗಳೆಂದು ಪರಿಗಣಿಸಲಾಗಿದೆ. ಈ ನಡುವೆ ಬಂದುಹೋದ ಭಾನುವಾರಗಳನ್ನು ಸಿಬ್ಬಂದಿ ಈಗಾಗಲೇ ಅನುಭವಿಸಿರುತ್ತಾರೆಂದು ಭಾವಿಸತಕ್ಕದ್ದು.

8. ಇದನ್ನು ಯಾರೂ ಪೂರ್ವನಿದರ್ಶನವಾಗಿ ಉಲ್ಲೇಖಿಸತಕ್ಕದ್ದಲ್ಲ.

ಸಹಿ/-
ಮುಖ್ಯ ಅಧೀಕ್ಷಕರು
(ಬೀರುವಿನ ಕೀಲಿಯನ್ನು ಉಗ್ರಾಣಪಾಲಕರ ಜೇಬಿನಿಂದ ಸ್ವತಃ ತೆಗೆದವರು)

ಪ್ರತಿಗಳು:
1. ಉಗ್ರಾಣಪಾಲಕರಿಗೆ: ಹೆಬ್ಬೆರಳು ತೆಗೆಯಲು ಅನುಮತಿಸಿದೆ.
2. ಸೊಸೆಗೆ: ಅತ್ತೆಯನ್ನೂ ಯಂತ್ರವನ್ನೂ ಜೋಪಾನವಾಗಿ ಮನೆಗೆ ಕರೆದೊಯ್ಯಲು.
3. ಅಜ್ಜಿಗೆ: ಉಸಿರಾಟ ಮುಂದುವರಿಸುವ ಸೂಕ್ತ ಕ್ರಮಕ್ಕಾಗಿ.
4. ಉಳಿದೆಲ್ಲ ಫಲಾನುಭವಿಗಳಿಗೆ: ಕಂಡಿಕೆ 1 ಮತ್ತು 2ರಂತೆ ನಡೆದುಕೊಳ್ಳಲು. ಮೂರನೇ ಕೌಂಟರಿನ ಪ್ಲಗ್ ಈಗ ಖಾಲಿ ಇದೆ ಎಂಬುದನ್ನು ಅವರಿಗೆ ತಿಳಿಸತಕ್ಕದ್ದಲ್ಲ.