ಅವ್ವ ಹೆಚ್ಚಿದ ಸೀಗಡಿ

ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದರಲ್ಲಿ ನಮ್ಮ ರೋಣದ ಮಂದಿ ಯಾರಿಗೂ ಕಡಿಮೆಯಿಲ್ಲ. ಮನುಷ್ಯರಿಗೆ ಯಾವ ಕಷಾಯ, ಎಮ್ಮೆಗೆ ಬಿದಿರಿನ ಗೊಟ್ಟದಲ್ಲಿ ಯಾವ ಎಣ್ಣೆ ಕುಡಿಸಬೇಕು ಎಂದು ಹೇಳುವವರು ಪ್ರತಿ ಕಟ್ಟೆಯ ಮೇಲೂ ಸಿಗುತ್ತಾರೆ. ಆದರೆ ಗಾಯಗೊಂಡ ಮೀನನ್ನು ಹೇಗೆ ಆರೈಕೆ ಮಾಡಬೇಕೆಂದು ಕೇಳಿ ನೋಡಿ. ನಾನು ಕೇಳಿದ್ದೇನೆ. "ಮೀನ ಹುರೀತಾರ ಅಂತ ಕೇಳೇನ್ರಿ, ಆರೈಕಿ ಮಾಡ್ತಾರ ಅಂತ ಕೇಳಿಲ್ಲ" ಎಂದರು ನಮ್ಮ ಬ್ಯಾಂಕಿನ ಕ್ಯಾಶಿಯರು. ಮೇಲಾಗಿ ಈ ರೋಗಿ ಇಡೀ ದಿನ ಬಾಯಿ ತೆರೆಯುತ್ತ ಮುಚ್ಚುತ್ತ ಇರುತ್ತದೆಯೇ ಹೊರತು ಎಲ್ಲಿ ನೋವು ಎಂದು ಒಂದು ಮಾತು ಹೇಳುವುದಿಲ್ಲ.

ಸಮುದ್ರದ ಮೀನು ರೋಣಕ್ಕೆ ಬಂದದ್ದು ನನ್ನ ಮದುವೆಯ ದೆಸೆಯಿಂದ. ಕಾರವಾರದಲ್ಲಿ ಬ್ಯಾಂಕಿನ ನೌಕರಿ ಮಾಡುವಾಗ ನಳಿನಿಯನ್ನು ಮದುವೆಯಾದೆ. ಆಮೇಲೆ ಸ್ವಂತ ಊರಿಗೆ ವರ್ಗವಾಯಿತು. ಎತ್ತ ನೋಡಿದರೂ ಕರಿ ನೆಲ ಕಂಡು ಅವಳು ಮಂಕಾದದ್ದನ್ನು ನೋಡಿ, ಅವಳ ತಮ್ಮ ಪ್ರದೀಪ ನಮ್ಮ ಪಡಸಾಲೆಯಲ್ಲೊಂದು ಗಾಜಿನ ತೊಟ್ಟಿ ಇಟ್ಟು, ಕಲ್ಲು ಜೋಡಿಸಿ, ಪಂಪು ಹಚ್ಚಿ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಮೀನು ಬಿಟ್ಟು ಹೋದ. ಅದಕ್ಕೆ ಬೇಕಾದ ಸಮುದ್ರದ ನೀರು ಕ್ಯಾನುಗಳಲ್ಲಿ ಬಸ್ಸಿನ ಮೇಲೆ ಬರುತ್ತಿತ್ತು. "ನಮ್ಮೂರ ಬೋರಿನ ನೀರ ಬಾಯಾಗ ಇಡಲಾರದಷ್ಟು ಉಪ್ಪ ಅದಾವ, ಮತ್ತ ಅಷ್ಟು ದೂರಿಂದ ಯಾಕ ತರಸ್ತೀರಿ ಸರ?" ಎಂದು ಕಂಡಕ್ಟರ್ ಒಮ್ಮೆ ಕೇಳಿದ್ದ. ಅವ್ವ ಮಾತ್ರ ತೊಟ್ಟಿಯ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಇಲ್ಲಿಗೆ ಬಂದ ಮೇಲೆ ನಳಿನಿ ಮೀನು ತಿನ್ನುವುದನ್ನು ಬಿಟ್ಟಿದ್ದಳು. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ.

ಅವಳು ತನ್ನ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಕಾರವಾರಕ್ಕೆ ಹೋದಾಗಲೇ ಈ ಅನಾಹುತ ನಡೆಯಿತು. ಕರೆಂಟು ಹೋಗಿತ್ತು. ನಿಂತುಹೋದ ಪಂಪಿನ ಬಾಯಿಗೆ ಮೀನು ಆತುಕೊಂಡು ಸುಮ್ಮನಿತ್ತು. ಒಮ್ಮೆಲೇ ಕರೆಂಟು ಬಂತು, ಪಂಪು ಅದನ್ನು ಎಳೆದುಕೊಂಡಿತು. ನಾನು ಓಡಿಹೋಗಿ ಸ್ವಿಚ್ಚು ಆರಿಸುವಷ್ಟರಲ್ಲಿ ಬಾಲ ಅರ್ಧ ಹರಿದು, ಪಕ್ಕದ ರೆಕ್ಕೆ ಚಿಂದಿಯಾಗಿತ್ತು. ನಳಿನಿಗೆ ಹೇಳಬೇಡವೆಂದು ಆಣೆ ಹಾಕಿಸಿ ಪ್ರದೀಪನಿಗೆ ಫೋನು ಮಾಡಿದೆ. "ಭಾವ, ಔಷಧ ಏನೂ ಹಾಕಬೇಡಿ. ದಿನಾ ಸ್ವಲ್ಪ ನೀರು ಬದಲಿಸಿ, ಲೈಟು ಆರಿಸಿ, ಅದನ್ನು ಅದರ ಪಾಡಿಗೆ ಬಿಡಿ" ಎಂದ. ಪಂಪಿನ ಬಾಯಿಗೆ ಜಾಳಿಗೆ ಕಟ್ಟಿದೆ. ತರಕಾರಿ ತೊಳೆಯುವ ತೂತಿನ ಬುಟ್ಟಿಯನ್ನು ತೊಟ್ಟಿಯಲ್ಲಿ ಇಳಿಬಿಟ್ಟು ರೋಗಿಯನ್ನು ಅದರಲ್ಲಿ ಮಲಗಿಸಿದೆ. ಬುಟ್ಟಿ ಹುಡುಕುತ್ತ ಬಂದ ಅವ್ವ, ಎಂದೂ ನೋಡದ ತೊಟ್ಟಿಯನ್ನು ಅಂದು ನೋಡಿದಳು. ಒಳಗೆ ಹೋಗಿ ಬಟ್ಟಲು ಹಿಡಿದು ಬಂದಳು.

"ಗಾಯಕ್ಕ ಅರಿಷಿಣ ಹಚ್ಚದ ಬಿಡ್ತಾರೇನಲೇ?"

"ಅವ್ವಾ, ಅದು ಮೀನು. ಅರಿಷಿಣ ಹಚ್ಚಿದ್ರ ಅಡಗಿ ಆಕ್ಕೈತಿ."

ನೀರು ಬದಲಿಸಿದ್ದೇನೋ ಆಯಿತು, ಆದರೆ ಮೀನು ಕಾಳಿನಂಥ ತನ್ನ ಒಣ ಆಹಾರವನ್ನು ಮೂಸಿಯೂ ನೋಡಲಿಲ್ಲ. ಓರೆಯಾಗಿ ಒರಗಿಕೊಂಡೇ ಇತ್ತು. ಹೀಗೇ ಬಿಟ್ಟರೆ ಉಳಿಯುವುದಿಲ್ಲ, ತಾಜಾ ಸೀಗಡಿಯನ್ನು ಸಾಸಿವೆಯಷ್ಟು ಮಾಡಿ ಕೊಡಿ ಎಂದ ಪ್ರದೀಪ. ಸ್ಕೂಟರ್ ಹತ್ತಿ ಹೊಳೆಮಣ್ಣೂರಿಗೆ ಹೋದೆ. ಹೊಳೆಯಲ್ಲಿ ಬಲೆ ಹಾಕುವವನೊಬ್ಬ ಸಿಕ್ಕ.

"ಎಷ್ಟ್ ಕಿಲೋ ಹಾಕ್ಲಿ?"

"ಒಂದ್ ನಾಲ್ಕ್ ಹುಳ ಸಾಕ್ರಿ."

"ಮನ್ಯಾಗ ತಿನ್ನವ್ರು ಎಷ್ಟ್ ಮಂದಿ ಅದಾರ?"

"ಒಬ್ಬನ. ಅದೂ ಬೆರಳಷ್ಟ ಅದಾನ."

ಅವನು ನನ್ನ ಮುಖವನ್ನೇ ನೋಡಿ, ದುಡ್ಡು ಬೇಡ ಎಂದ.

ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಬಚ್ಚಿಟ್ಟೆ. ಮೊಸರು ತೆಗೆಯಲು ಹೋದ ಅವ್ವನಿಗೇ ಅದು ಸಿಕ್ಕಿತು. "ಏನಿದು?" ಎಂದಳು. ಸೀಗಡಿ ಎಂದೆ. "ಯಾರಿಗೆ?" "ಮೀನಿಗೆ. ಬ್ಯಾರೆ ಏನೂ ತಿನ್ನವಲ್ದು." ಇನ್ನು ಬೈಗುಳ ಬೀಳುತ್ತದೆಂದು ತಲೆಬಗ್ಗಿಸಿ ನಿಂತೆ. ಅವ್ವ ಬೈಯದೆ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಹುಟ್ಟಿದಾಗಿಂದ ತಿಂದದ್ದನ್ನ ಕೇಳತೈತಿ, ಪಾಪ. ತಾ ಇಲ್ಲಿ, ನಿನಗ ಹೆಚ್ಚಾಕ ಬರೂದಿಲ್ಲ" ಎಂದು ಪೊಟ್ಟಣ ಕಸಿದುಕೊಂಡಳು. ಹಿತ್ತಲಲ್ಲಿ ಪೇಪರು ಹಾಸಿ, ಮುಖ ಅತ್ತ ತಿರುಗಿಸಿ, ಹಳೆಯ ಚಾಕುವಿನಿಂದ ಹೆಚ್ಚಿದಳು. ಮೊದಲ ಚೂರನ್ನು ಮೀನು ಉಗುಳಿತು. ಎರಡನೆಯದನ್ನು ನುಂಗಿತು. "ತಿಂತು ನೋಡಲೇ!" ಎಂದು ಅವ್ವ ಕೂಗಿದ್ದಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು.

ನಳಿನಿ ಬರುವ ಹೊತ್ತಿಗೆ ಮೀನು ಬುಟ್ಟಿಯಿಂದ ಹೊರಬಂದು ಈಜುತ್ತಿತ್ತು. ಬಾಲ ಮಾತ್ರ ತುಸು ಸೊಟ್ಟಗೆ ಚಿಗುರಿತ್ತು. ನಡೆದದ್ದನ್ನೆಲ್ಲ ಕೇಳಿ ಅವಳು ಗಾಜಿನ ಮೇಲೆ ಕೈಯಿಟ್ಟಳು. ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆಯೆತ್ತದೆ ಕೇಳಿದಳು:

"ನಳಿನಿ, ಈ ಮನಿಗೆ ಬಂದಾಗಿಂದ ನೀ ಮೀನ ತಿಂದಿಲ್ಲಲಾ?"

"ಇಲ್ರಿ ಅತ್ತಿ."

"ತಿನ್ನಬೇಕು ಅನಿಸಿತ್ತೇನು?"

ನಳಿನಿ ಗಾಜಿನಿಂದ ಕೈ ತೆಗೆದು ಅತ್ತೆಯ ಕಡೆ ತಿರುಗಿದಳು.

"ಮೂಕ ಪ್ರಾಣಿ ಉಪಾಸ ಕುಂತ್ರ ನನಗ ತಿಳೀತು. ಬಾಯಿದ್ದ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿತ್ತಲದಾಗ ಒಲಿ ಐತಿ. ಗಡಿಗಿ ಬ್ಯಾರೆ ಇಟ್ಕೊ, ಅಷ್ಟ."

ನಳಿನಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅತ್ತೆಯ ಪಕ್ಕದಲ್ಲಿ ಕೂತು ಅವರೆಕಾಯಿಗೆ ಕೈ ಹಾಕಿದಳು.

ಬೀಗರ ಮುಂದೆ, ಬ್ಯಾಂಕಿನಲ್ಲಿ, ನಳಿನಿ ಮೀನು ಬಿಟ್ಟ ಮಾತು ಬಂದಾಗಲೆಲ್ಲ ಇಷ್ಟು ವರ್ಷ ನಾನು ಹೇಳುತ್ತಿದ್ದುದು ಒಂದೇ ಮಾತು: "ನನ್ನದೇನೂ ಅಭ್ಯಂತರ ಇಲ್ಲ, ಆದರೆ ಅವ್ವ ಹಳೆ ಕಾಲದವಳು." ಆ ಭಾನುವಾರ ಹಿತ್ತಲಲ್ಲಿ ಮೀನಿನ ಸಾರು ಕುದಿಯಿತು. ಹಳೆ ಕಾಲದವಳು ಹಿತ್ತಲ ಬಾಗಿಲಲ್ಲೇ ಕೂತು, ಮುಳ್ಳು ಹೇಗೆ ಬಿಡಿಸುತ್ತಾರೆಂದು ಸೊಸೆಯನ್ನು ಕೇಳುತ್ತಿದ್ದಳು. ನಾನು ಮುಂಬಾಗಿಲ ಕಟ್ಟೆಯ ಮೇಲೆ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದೆ.

"ಲೇ, ಅಲ್ಲ್ಯಾಕ ಕುಂತಿ?" ಎಂದು ಅವ್ವ ಕೂಗಿದಳು.

"ಒಳಗ ಭಾಳ ಸೆಕಿ ಅವ್ವಾ, ಗಾಳಿಗೆ ಕುಂತೇನಿ" ಎಂದೆ. ಪಡಸಾಲೆಯಲ್ಲಿ ಫ್ಯಾನು ಗರಗರ ತಿರುಗುತ್ತಿರುವುದು ಬೀದಿಯವರೆಗೂ ಕೇಳುತ್ತಿತ್ತು.